ಫ್ರಿಜ್ಜಿಗೊಂದು ಬೇರೆ ಬ್ಯಾಟರಿ

ಅಮ್ಮಾ,

ಹೋದ ಸಲದ ಪ್ರವಾಸದಲ್ಲಿ ವ್ಯಾನಿನೊಳಗಿನ ಫ್ರಿಜ್ಜು ಎಂಜಿನ್ನಿನ ಬ್ಯಾಟರಿಯನ್ನೇ ಬರಿದು ಮಾಡಿ, ಮಂಡಿನೋವಿನಲ್ಲೂ ನೀನು ವ್ಯಾನ್ ತಳ್ಳಬೇಕಾಯಿತು. ಇನ್ನು ಇದನ್ನು ಹತ್ತುವುದಿಲ್ಲ ಎಂದು ನೀನು ಮನೆಗೆ ಹೊರಟುಹೋದೆ. ಈಗ ಆ ಭಯವಿಲ್ಲ. ಫ್ರಿಜ್ಜು, ದೀಪ, ಫ್ಯಾನಿಗೆಂದೇ ಎರಡನೇ ಬ್ಯಾಟರಿ ಹಾಕಿಸಿದ್ದೇನೆ.

ಎಂಜಿನ್ನಿಗಿರುವಂಥದ್ದೇ ಇನ್ನೊಂದು ಸಾಕು ಎಂದು ಅಪ್ಪ ಹಟ ಹಿಡಿದಿದ್ದರು. “ಅದು ಗಾಡಿ ಸ್ಟಾರ್ಟ್ ಮಾಡೋಕೆ ಸರಿ ಸಾರ್, ದಿನವಿಡೀ ಫ್ರಿಜ್ ಓಡಿಸೋಕಲ್ಲ” ಎಂದು ಅಂಗಡಿಯಾಕೆ ಲಿಥಿಯಂ ಬ್ಯಾಟರಿ ಕೊಟ್ಟರು. ವ್ಯಾನ್ ಓಡುವಾಗ ಎಂಜಿನ್ನಿನಿಂದ, ನಿಂತಾಗ ಚಾವಣಿಯ ಸೋಲಾರ್ ಫಲಕದಿಂದ ಅದು ಚಾರ್ಜ್ ಆಗುತ್ತದೆ. ಫ್ರಿಜ್ಜು ಇನ್ನು ಎಂಜಿನ್ನಿನ ಬ್ಯಾಟರಿಯ ತಂಟೆಗೆ ಹೋಗುವುದಿಲ್ಲ.

ಎರಡು ದಿನ ಕೆರೆಯ ಪಕ್ಕ ನಿಂತಿದ್ದೆವು. ಅಪ್ಪನ ಇನ್ಸುಲಿನ್ ತಣ್ಣಗೇ ಇತ್ತು. ಇವತ್ತು ಬೆಳಿಗ್ಗೆ ಅವರು ಕೀ ತಿರುಗಿಸಿದ ಕೂಡಲೇ ವ್ಯಾನ್ ಸ್ಟಾರ್ಟ್ ಆಯಿತು. ಆಫ್ ಮಾಡಿ, ಮತ್ತೆ ತಿರುಗಿಸಿದರು. ಮತ್ತೂ ಒಮ್ಮೆ.

“ಸಾಕು ಬಿಡಪ್ಪ” ಎಂದೆ.

“ನಿಮ್ಮಮ್ಮನಿಗೆ ಮೂರು ಸಲ ಅಂತಲೇ ಬರಿ. ಒಂದು ಸಲ ಅಂದ್ರೆ ಅವಳು ನಂಬಲ್ಲ” ಎಂದರು.

ಶನಿವಾರ ನಿನ್ನನ್ನು ಕರೆದುಕೊಳ್ಳಲು ಬಸ್ ನಿಲ್ದಾಣಕ್ಕೆ ಬಂದಿರುತ್ತೇವೆ. ನಿನ್ನ ದಿಂಬು ಮರೆಯದೆ ತಾ. ಅಪ್ಪ ತಮ್ಮ ಪಕ್ಕದ ಸೀಟನ್ನು ದಿನವೂ ಒರೆಸುತ್ತಾರೆ, ನನ್ನನ್ನು ಮಾತ್ರ ಹಿಂದೆಯೇ ಕೂರಿಸುತ್ತಾರೆ.

ಹಿಂದಿನ ಸೀಟಿನಿಂದ,
ನಿನ್ನ ಮಗಳು