ಕೆರೆಯ ಕಲ್ಲು ಸರಿಸಬೇಡಿ

ಹಿರೇಮಾದನಕೆರೆ,
ಹದಿಮೂರನೆಯ ತಿಂಗಳ ಐದನೇ ತಾರೀಖು, ೨೧೯೩

ನೆಲಜಲ ಇಲಾಖೆಯ ಕಿರಿಯ ಎಂಜಿನಿಯರ್ ಪರಮಶಿವಯ್ಯನವರಿಗೆ, ಅದೇ ಇಲಾಖೆಯಲ್ಲಿ ಪರೀಕ್ಷೆಗೆ ನೀರಿನ ಮಾದರಿ ತುಂಬುವ ಗುಮಾಸ್ತೆ ಚಂದ್ರಭಾಗಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದನ್ನೇ ಮರೆತಾಗ ಸರ್ಕಾರ ವರ್ಷಕ್ಕೆ ಇನ್ನೊಂದು ತಿಂಗಳು ಮಂಜೂರು ಮಾಡಿತು. ನನ್ನ ಮಾತೂ ನಿಮಗೆ ವಿಚಿತ್ರ ಅನ್ನಿಸಬಹುದು. ನಾವು ಆಡುವ ಕನ್ನಡ ನಿಮ್ಮ ಕಾಲದ್ದಲ್ಲ. ನಿಮ್ಮ ಕಡತಗಳನ್ನು ಓದಿ ಓದಿ ಇಷ್ಟು ಕಲಿತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಲಾಖೆ ಚೆನ್ನಾಗಿದೆ. ಊರು ಅರ್ಧ ಖಾಲಿಯಾದರೂ ನಮ್ಮ ಕಟ್ಟಡಕ್ಕೆ ಮಾತ್ರ ಎರಡು ಅಂತಸ್ತು ಏರಿದೆ. ಈ ವರ್ಷದ ಪ್ರಗತಿ ವರದಿಯ ಪ್ರಕಾರ ನಮ್ಮ ಕೆರೆಯ ನೀರು ನೂರಕ್ಕೆ ನೂರು ಶುದ್ಧ. ಮುಂದಿನ ವರ್ಷದ ಆದ್ಯತೆ, 'ಈ ಶುದ್ಧತೆಯನ್ನು ಕಾಪಾಡಿಕೊಳ್ಳುವುದು'. ನೂರಕ್ಕೂ ಹೆಚ್ಚು ವರ್ಷಗಳಿಂದ ಈ ವಾಕ್ಯದ ಒಂದು ಅಕ್ಷರವನ್ನೂ ಯಾರೂ ಮುಟ್ಟಿಲ್ಲ. ನಾನೇ ಹನ್ನೊಂದು ಸಲ ನಕಲು ಮಾಡಿದ್ದೇನೆ. ಅದೇ ಕೆರೆಯ ದಂಡೆಗೆ ಹೋಗುವಾಗ ಎಲ್ಲರೂ ಮೂಗುಪಟ್ಟಿ ಕಟ್ಟಿಕೊಳ್ಳುತ್ತೇವೆ, ಅಂದರೆ ಸೊಪ್ಪು ತುಂಬಿ ಹೊಲಿದ ದಪ್ಪ ಬಟ್ಟೆ. ಕಟ್ಟಿಕೊಂಡೇ ನೀರು ತುಂಬಿ, ಸೋಸಿ, ಕುದಿಸಿ, ಕುಡಿಯುತ್ತೇವೆ.

ಇದು ಹೇಗಾಯಿತು ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪರೀಕ್ಷೆಗೆ ನೀರು ತುಂಬುವ ಜಾಗದ ಗುರುತಿಗೆ ನಿಮ್ಮ ಕಾಲದಲ್ಲಿ ಚರಂಡಿ ಬಂದು ಸೇರುವ ಕಡೆ ಒಂದು ಕಲ್ಲು ನೆಟ್ಟಿತ್ತು. ಪ್ರತಿ ವರದಿಗೂ ಮೇಲಿನವರಿಂದ ಬೈಸಿಕೊಂಡು ಸಾಕಾಗಿ ನೀವು ಆ ಕಲ್ಲನ್ನು ಮೂಡಲ ಮೂಲೆಯ ಒರತೆಯ ಬಳಿಗೆ ಸರಿಸಿದಿರಿ. 'ಸದ್ಯಕ್ಕೆ' ಎಂದು ನಿಮ್ಮದೇ ಕೈಬರಹದಲ್ಲಿದೆ. ಆಮೇಲೆ ಕಲ್ಲಿನ ಬುಡದ ನೀರು ಮಾತ್ರ ಮಾದರಿ ಎಂದು ಕಾನೂನಾಯಿತು. ಒರತೆ ಈಗ ಹೆಬ್ಬೆರಳ ಗಾತ್ರ. ಸುತ್ತ ಬೇಲಿ, ಬೀಗ, ಕಾವಲು. ಅದನ್ನು ಪರೀಕ್ಷಿಸಬಹುದು, ಕುಡಿಯುವ ಹಾಗಿಲ್ಲ.

ಕೆರೆ ಕೆಟ್ಟ ಊರುಗಳಿಗೆ ಸರ್ಕಾರ ರೈಲಿನಲ್ಲಿ ಒಳ್ಳೆಯ ನೀರು ಕಳಿಸುತ್ತದೆ. ಹೊರನೀರು ಎನ್ನುತ್ತೇವೆ. ನಮ್ಮ ಕೆರೆ ಶುದ್ಧವಾದ್ದರಿಂದ ನಮಗದು ಇಲ್ಲ. ನನ್ನ ಮಗಳು ಇಂಚರಳಿಗೆ ಆರು ವರ್ಷ. ಎರಡೂ ಮೂತ್ರಪಿಂಡ ಸೋಲುತ್ತಿವೆ, ನೀರು ಬದಲಾಯಿಸದಿದ್ದರೆ ಈ ವರ್ಷ ದಾಟುವುದು ಕಷ್ಟ ಎಂದರು ಡಾಕ್ಟರು. ಹೊರನೀರಿಗೆ ಮೂರು ಸಲ ಅರ್ಜಿ ಹಾಕಿದೆ. ಮೂರು ಸಲವೂ ನಾನೇ ಸಹಿ ಮಾಡಿದ ವರದಿಯನ್ನು ಲಗತ್ತಿಸಿ ವಾಪಸು ಕಳಿಸಿದರು.

ಈ ಸಲ ಧೈರ್ಯ ಮಾಡಿ ಕೆರೆಯ ನಡುವಿನಿಂದ ಸೀಸೆ ತುಂಬಿದೆ. ಕಲ್ಲಿನ ಬಳಿಯದಲ್ಲ, ಅಸಿಂಧು ಎಂದು ಪ್ರಯೋಗಾಲಯ ತಿರಸ್ಕರಿಸಿತು. ಇವತ್ತು ಬೆಳಿಗ್ಗೆ ಒರತೆಯಿಂದಲೇ ತುಂಬಿ ಸಹಿ ಹಾಕಿ ಬಂದೆ. ನನ್ನ ಮೇಲೆ ನನಗೇ ಅಸಹ್ಯವಾಗಿದೆ. ನಿಮ್ಮನ್ನು ಬೈಯುವ ಯೋಗ್ಯತೆ ನನಗೆಲ್ಲಿದೆ?

ಆದರೂ ಕೇಳುತ್ತೇನೆ. ನಾನು ತೆರೆದಿಟ್ಟಿರುವ ನಿಮ್ಮ ಕಡತದ ಪುಟದಲ್ಲಿ ಕಲ್ಲು ಇನ್ನೂ ಸರಿದಿಲ್ಲ, ಅದನ್ನು ಸರಿಸಲು ನೀವು ಆಳುಗಳನ್ನು ಕರೆಸಿರುವುದು ಬರುವ ಸೋಮವಾರಕ್ಕೆ. ದಮ್ಮಯ್ಯ ಅನ್ನುತ್ತೇನೆ, ಅವರನ್ನು ಮನೆಗೆ ಕಳಿಸಿ. ಬೈದರೆ ಬೈಯಲಿ, ವರ್ಗ ಮಾಡಿದರೆ ಹೋಗಿ. ಕೆಟ್ಟ ನೀರನ್ನು ಕೆಟ್ಟದ್ದೆಂದೇ ಬರೆಯಿರಿ. ಬೇರೆ ವಿಳಾಸ ತಿಳಿಯದೆ ಈ ಪತ್ರವನ್ನು ನಿಮ್ಮ ಕಡತದಲ್ಲೇ ಇಡುತ್ತಿದ್ದೇನೆ. ನೀವು ಓದುತ್ತೀರಿ ಎಂಬ ನಂಬಿಕೆ ನನಗಿಲ್ಲ.

ಬೆಳಿಗ್ಗೆ ಕಾವಲಿನವನ ಕಣ್ಣು ತಪ್ಪಿಸಿ ಅರ್ಧ ಲೋಟ ಒರತೆ ನೀರು ಮನೆಗೆ ತಂದಿದ್ದೆ. ಇಂಚರ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗಿದುಬಿಟ್ಟಳು.

"ಇದೇನಮ್ಮ, ಏನೂ ರುಚೀನೇ ಇಲ್ಲ. ನಂಗೆ ನೀರು ಕೊಡು" ಅಂದಳು.

ಕೆರೆಯದನ್ನೇ ಕೊಟ್ಟೆ. ಗಟಗಟ ಕುಡಿದಳು.

ಇಂತಿ,
ಚಂದ್ರಭಾಗಿ