ಈಮಣ್ಣನನ್ನು ಕಳೆದುಕೊಂಡ ಕೂಟದಿಂದ ದಾವಣಗೆರೆಯ ಕೂಟಕ್ಕೆ

ಗಾಳಿಯ ಮೂರನೆಯ ತಿಂಗಳು, ಮೂವತ್ತೆಂಟನೆಯ ದಿನ, ಇಸವಿ ೨೧೭೩
ಕಪ್ಪತಗುಡ್ಡ, ಏಳನೆಯ ಕಂಬಸಾಲು

ದಾವಣಗೆರೆಯ ಬೇಸ್‌ಬಾಲ್ ಕೂಟದ ತಿಪ್ಪೇಶಣ್ಣನಿಗೆ, ಮತ್ತು ಆ ಕೂಟದ ಉಳಿದ ಏಳು ಜನರಿಗೆ,

ತಿಂಗಳ ಮೂವತ್ತೆಂಟನೆಯ ದಿನ ಎಂದು ಓದಿ ನೀವು ನಗಬಹುದು. ನಮ್ಮಲ್ಲಿ ತಿಂಗಳು ಮುಗಿಯುವುದು ಗಾಳಿ ದಿಕ್ಕು ಬದಲಿಸಿದಾಗ. ಈ ಸಲ ಅದು ಪಡುವಣವನ್ನು ಬಿಟ್ಟು ಕದಲಿಲ್ಲ, ಹಾಗಾಗಿ ತಿಂಗಳೂ ಮುಗಿದಿಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಎಂಟು ಜನ ಹನ್ನೊಂದು ವರ್ಷ ಒಬ್ಬರಿಗೊಬ್ಬರು ಕಳಿಸಿಕೊಂಡ ಸಂದೇಶಗಳಿಂದ. ಅದರಲ್ಲಿ ಅರ್ಧದಷ್ಟು ಬೈಗುಳವಿದ್ದುದರಿಂದ ಮರ್ಯಾದೆಯ ಮಾತುಗಳನ್ನು ನಾನೇ ಹುಡುಕಿಕೊಳ್ಳಬೇಕಾಯಿತು. ಲೆಕ್ಕದ ಪ್ರಕಾರ ನೀವು ನನ್ನ ಮುತ್ತಜ್ಜನಿಗೂ ಹಿರಿಯರು. ಆದರೆ ಆ ಸಂದೇಶಗಳ ಕಡತದ ಕೊನೆಯ ಪುಟದಲ್ಲೂ ನಿಮಗೆ ಇನ್ನೂ ಮೂವತ್ತೊಂದು ವರ್ಷ, ಆದ್ದರಿಂದ ಅಣ್ಣ ಎನ್ನುತ್ತಿದ್ದೇನೆ. ಈ ಪತ್ರ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ಕೇಳಬೇಡಿ. ನಿಮ್ಮ ಕಡತ ಇರುವ ಕಪಾಟಿನಲ್ಲೇ ಇದನ್ನೂ ಇಡುತ್ತೇನೆ. ಬೇರೆ ದಾರಿ ನನಗೆ ಗೊತ್ತಿಲ್ಲ.

ನನ್ನ ಹೆಸರು ಕಾತ್ಯಾಯಿನಿ ಬಿಂಕದಕಟ್ಟಿ. ಗಾಳಿಕಂಬಗಳನ್ನು ಏರಿ ಅವುಗಳ ತಲೆಗೆ ಎಣ್ಣೆ ಕೊಡುವುದು ನನ್ನ ಕೆಲಸ. ಕಂಬದ ರೆಕ್ಕೆ ಪೂರ್ತಿ ನಿಲ್ಲಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ, ಮೇಲಿನ ಸಣ್ಣ ಗೂಡಿನಲ್ಲಿ ಕೂತು, ಬೆಟಗೇರಿಯ ಅಚ್ಚುಮನೆಯವರು ಚಿಂದಿ ಅರಿವೆಯ ಕಾಗದದ ಮೇಲೆ ಅಚ್ಚು ಹಾಕುವ ಕಿರುಹೊತ್ತಗೆಗಳನ್ನು ಓದುತ್ತೇನೆ. ಹದಿನಾರು ಪುಟದವು, ಎರಡು ಹೊಲಿಗೆಯವು. ನನಗೆ ಶಾಲೆ ಅಂತ ಇದ್ದದ್ದು ನಾಲ್ಕು ವರ್ಷ ಮಾತ್ರ, ಉಳಿದದ್ದನ್ನೆಲ್ಲ ಅವೇ ಕಲಿಸಿದವು. ಯಾರೂ ಯಾರಿಗಿಂತ ಮೇಲಲ್ಲ, ಹಿಡಿದಿಟ್ಟುಕೊಂಡದ್ದೆಲ್ಲ ಕಸಿದುಕೊಂಡದ್ದೇ ಎಂದು ಅವು ಹೇಳುತ್ತವೆ. ನಾನು ಅದನ್ನು ನಂಬುತ್ತೇನೆ. ಈ ಪತ್ರದಲ್ಲಿ ನನ್ನ ಬಗ್ಗೆ ಕೆಟ್ಟದ್ದನ್ನು ಬರೆದ ಮೇಲೂ ನಂಬುತ್ತೇನೆ.

ನಮ್ಮ ಸಾಲಿಗೆ, ಅಂದರೆ ಈ ಕಂಬಗಳ ಕೆಳಗಿನ ಊರಿಗೆ, ತಂತಿ ತೆರೆಯುವುದು ಗುರುವಾರ ಮಧ್ಯಾಹ್ನ ಮಾತ್ರ. ತಂತಿ ಎಂದರೆ ನೀವು ಇಂಟರ್ನೆಟ್ ಎನ್ನುತ್ತಿದ್ದುದು. ನಿಮ್ಮಲ್ಲಿ ಅದು ಹಗಲೂ ರಾತ್ರಿ, ಅಡುಗೆಮನೆಯಲ್ಲೂ ಬಸ್ಸಿನಲ್ಲೂ ಹರಿಯುತ್ತಿತ್ತಂತೆ. ನಮ್ಮಲ್ಲಿ ಅದು ಓದುಕಟ್ಟೆಗೆ ಬರುತ್ತದೆ. ಅರ್ಧ ನೆಲದೊಳಗೆ ಇಳಿಸಿ ಕಟ್ಟಿದ ತಂಪಾದ ಕೋಣೆ ಅದು, ಒಂದೇ ಪರದೆ, ಒಂದೇ ಕೀಲಿಮಣೆ. ಬೆಳೆಯ ಲೆಕ್ಕ, ನೀರಿನ ಲೆಕ್ಕ, ಕೀಟದ ಲೆಕ್ಕ ಮುಗಿದ ಮೇಲೆ ಎರಡು ಗಂಟೆ ಉಳಿಯುತ್ತದೆ. ಆರು ವರ್ಷದ ಹಿಂದೆ ಕಟ್ಟೆಯ ಕಪಾಟು ಜಾಲಾಡುವಾಗ ನಿಮ್ಮ ಕಡತ ಸಿಕ್ಕಿತು, ಅದರ ಜೊತೆಗೆ ಪರದೆಯೊಳಗೇ ಬೇಸ್‌ಬಾಲ್ ಆಟ ನಡೆಸುವ ಯಂತ್ರವಿಧಿಯೂ, ನೀವು ಪ್ರೋಗ್ರಾಂ ಎನ್ನುತ್ತಿದ್ದುದು, ಸಿಕ್ಕಿತು. ನಾನು ಮನೆಮನೆಗೆ ಹೋಗಿ ನನ್ನನ್ನೂ ಸೇರಿಸಿ ಎಂಟು ಜನರನ್ನು ಕೂಡಿಸಿ, ಉಳಿದ ಆ ಎರಡು ಗಂಟೆಯನ್ನು ಕೇಳಿ ಪಡೆದು, ನಿಮ್ಮಂತೆಯೇ ಒಂದು ಕೂಟ ಕಟ್ಟಿದೆ. ಆಟಗಾರರನ್ನು ಯಂತ್ರವೇ ಹುಟ್ಟಿಸುತ್ತದೆ, ಹೆಸರಿಡುತ್ತದೆ, ಮುದುಕರನ್ನಾಗಿಸುತ್ತದೆ. ನಾವು ಅವರನ್ನು ಆರಿಸಿಕೊಂಡು, ಈ ವಾರ ಯಾರು ಎಸೆಯಬೇಕು, ಯಾರು ಬೀಸಬೇಕು ಎಂದು ಚೀಟಿ ಬರೆಯುತ್ತೇವೆ. ಕೀಲಿಮಣೆ ಒಂದೇ ಇರುವುದರಿಂದ ಎಂಟೂ ಚೀಟಿಗಳನ್ನು ಸಂಚಾಲಕಿಯಾದ ನಾನೇ ಒಳಗೆ ಹಾಕಬೇಕು. ಬಾಗಿಲು ಮುಚ್ಚಿಕೊಂಡು, ಒಬ್ಬಳೇ.

ನಾವು ಯಾರೂ ಬೇಸ್‌ಬಾಲ್ ನೋಡಿಲ್ಲ. ಚಲಿಸುವ ಚಿತ್ರಗಳು ಭಾರವೆಂದು ಹಿಂದಿನವರು ಇಟ್ಟುಕೊಂಡಿರಲಿಲ್ಲ, ಅಂಕಿಗಳನ್ನು ಮಾತ್ರ ಇಟ್ಟುಕೊಂಡರು. ಮೊದಲ ವರ್ಷ ನಮ್ಮ ಇಮಾಂಸಾ ನದಾಫ ಅಂಗಳದಲ್ಲಿ ಬೇಸ್‌ಗಳೆಂದು ನಾಲ್ಕು ಗೋಣಿಚೀಲ ಹಾಸಿ, ನಿಯಮ ಓದಿ ಓದಿ ನಮ್ಮನ್ನು ಓಡಿಸಿದ. ಮೂರು ವಾರ ನಾವು ಎಡಕ್ಕೆ ಓಡಿದೆವು. ಮೊದಲ ಬೇಸ್ ಬಲಕ್ಕಿದೆ ಎಂದು ನಿಮ್ಮ ಸಂದೇಶವೊಂದರಲ್ಲಿ ಕಂಡಾಗ ಅವನು, "ಹಂಗಾರ ನಾವು ಇಷ್ಟ ದಿನ ಮನೀಗೆ ಹೋಗೂ ದಾರಿಯೊಳಗ ಓಡೇವಿ, ಅದಕ್ಕ ದಣಿವು ಆಗಿಲ್ಲ" ಎಂದ. ಓಟ ಮುಗಿಯುವ ಕೊನೆಯ ಬೇಸಿಗೆ ನಿಯಮದಲ್ಲಿ ಮನೆ ಎಂದೇ ಹೆಸರು. ನಿಮ್ಮ ಬಗ್ಗೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಆಗಿನಿಂದ. ನೀವು ನೋಡಿದ್ದಿರಿ. ನೋಡದಿದ್ದರೂ ಯಾವ ಹೊತ್ತಿನಲ್ಲಾದರೂ ನೋಡಬಹುದಿತ್ತು. ನಿಮಗೆ ಹೊತ್ತು ಎಷ್ಟಿತ್ತೆಂದರೆ, ಒಂದು ಸೋಮವಾರ ಬೆಳಿಗ್ಗೆ ಯಾವ ಹೋಟೆಲಿನ ಬೆಣ್ಣೆದೋಸೆಗೆ ಬೆಣ್ಣೆ ಹೆಚ್ಚು ಎಂಬುದರ ಮೇಲೆ ನಲವತ್ತೊಂದು ಸಂದೇಶ ಕಳಿಸಿಕೊಂಡಿದ್ದೀರಿ. ಎರಡು ಗಂಟೆಯನ್ನು ಎಂಟು ಜನರಿಗೆ ಹಂಚುವವಳು ಅದನ್ನು ಓದಿದರೆ ಏನನಿಸುತ್ತದೆ ಹೇಳಿ. ನಾನು ಅಂಥ ಪುಟಗಳನ್ನು ಓದದೆ ದಾಟಿದೆ, ನಿಯಮಗಳಿದ್ದ ಪುಟಗಳನ್ನಷ್ಟೇ ಬರೆದುಕೊಂಡೆ.

ಈಗ ನಿಂಬೆವ್ವನ ವಿಷಯ ಹೇಳಬೇಕು. ನಿಂಬೆವ್ವ ಹುಯಿಲಗೋಳ ನನ್ನ ಕಂಬದ ಜೊತೆಗಾತಿ. ನಾನು ಮೇಲೆ ಹತ್ತಿದಾಗ ಕೆಳಗೆ ನನ್ನ ಹಗ್ಗ ಹಿಡಿಯುವವಳು. ಅವಳು ಒಂದೂ ಕಿರುಹೊತ್ತಗೆ ಓದಿದವಳಲ್ಲ. ನಮ್ಮ ಆಟದ ಋತು ವರ್ಷಕ್ಕೊಂದು. ಎರಡನೆಯ ಋತುವಿನ ಆರಂಭದಲ್ಲಿ, ಮೂವತ್ತೊಂದು ವರ್ಷದ ಒಬ್ಬ ಎಸೆಗಾರನನ್ನು ಎಲ್ಲರೂ ಬೇಡವೆಂದು ಬಿಟ್ಟಿದ್ದಾಗ ಇವಳು ತೆಗೆದುಕೊಂಡಳು. ಯಂತ್ರ ಅವನಿಗಿಟ್ಟ ಹೆಸರು ಎಮೆಟ್ ಟಾರ್ವಿನ್, ನಾಲಿಗೆ ಹೊರಳದೆ ಅವಳು ಈಮಣ್ಣ ಎಂದಳು. ವಯಸ್ಸಾದಂತೆ ಅವನ ವೇಗ ಇಳಿಯಿತು, ಗುರಿ ಹೆಚ್ಚಿತು. ಅವಳು ಅವನನ್ನು ನಾಲ್ಕು ವಾರಕ್ಕೊಮ್ಮೆ ಮಾತ್ರ ಆಡಿಸಿ, ಉಳಿದ ದಿನ ಕೂರಿಸಿ, ಐದು ಋತು ಉಳಿಸಿಕೊಂಡಳು. ಎರಡು ಸಲ ಕೂಟ ಗೆದ್ದಳು.

ಗೆದ್ದದ್ದಕ್ಕೆ ನನಗೆ ಹೊಟ್ಟೆ ಉರಿಯಲಿಲ್ಲ, ಇದನ್ನು ನಂಬಿ. ಗುರುವಾರ ಸಂಜೆ ಯಂತ್ರದಿಂದ ಆಟದ ಪಟ್ಟಿ ಬರುತ್ತದೆ, ಬರೀ ಅಂಕಿಗಳು. ನಾನು ಅದನ್ನು ಓದುಕಟ್ಟೆಯ ಮೆಟ್ಟಿಲ ಮೇಲೆ ನಿಂತು ಓದಿ, ಕೊನೆಗೆ ಕಿರುಹೊತ್ತಗೆಯ ಒಂದು ಪುಟ ಓದುವ ಪದ್ಧತಿ ಇಟ್ಟಿದ್ದೆ. ಒಂದು ಸಲ ನನ್ನ ಗಂಟಲು ಕಟ್ಟಿತ್ತೆಂದು ಪಟ್ಟಿಯನ್ನು ನಿಂಬೆವ್ವನ ಕೈಗೆ ಕೊಟ್ಟೆ. ಅವಳು ಅಂಕಿ ಓದಲಿಲ್ಲ. "ಏಳನೇ ಸುತ್ತಿನಾಗ ಈಮಣ್ಣಗ ಮೊಣಕೈ ನೋಯಾಕ ಹತ್ತಿತ್ರೀ, ಆದ್ರ ಯಾರಿಗೂ ಹೇಳಲಿಲ್ಲ, ಟೊಪ್ಪಿಗಿ ಮುಂದಕ್ಕ ಎಳಕೊಂಡ" ಎಂದು ಶುರು ಮಾಡಿದಳು. ಪಟ್ಟಿಯಲ್ಲಿ ಮೊಣಕೈಯೂ ಇರಲಿಲ್ಲ, ಟೊಪ್ಪಿಗೆಯೂ ಇರಲಿಲ್ಲ. ಮುಂದಿನ ವಾರ ಮೆಟ್ಟಿಲ ಮುಂದೆ ಮೂವತ್ತು ಜನ, ಅದರ ಮುಂದಿನ ವಾರ ರೊಟ್ಟಿ ಬಡಿಯುವವರೂ ಹಿಟ್ಟಿನ ಕೈಯಲ್ಲೇ ಬಂದರು. ಅವಳು ಮುಗಿಸಿ ಪಟ್ಟಿ ಮಡಚಿದ ಕೂಡಲೇ ಎಲ್ಲರೂ ಎದ್ದರು. ನಾನು ಪುಟ ತೆರೆದು ನಿಂತಿದ್ದೆ. ಒಬ್ಬ ಅಜ್ಜಿ ಮಾತ್ರ ಕೂತಿದ್ದಳು. ಓದಿ ಮುಗಿಸಿದ ಮೇಲೆ ಅವಳು, "ಎದ್ದೇಳಾಕ ಕೈ ಕೊಡವ್ವಾ, ಕಾಲು ಜೋಮು ಹಿಡದೈತಿ" ಎಂದಳು.

ಕೂಟ ಕಟ್ಟಿದವಳು ನಾನು, ಅದಕ್ಕೆ ಉಸಿರು ಬಂದದ್ದು ಅವಳಿಂದ. ಆಸ್ತಿ ಹೋದ ದಿನ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ನನ್ನ ಹೊತ್ತಗೆಯೊಂದು ಹೇಳುತ್ತದೆ. ನಮ್ಮ ಸಾಲಿನಲ್ಲಿ ಯಾರಿಗೂ ಆಸ್ತಿಯಿಲ್ಲ. ಆ ಪುಟದ ಅಂಚಿನಲ್ಲಿ ನಾನು ಪೆನ್ಸಿಲಿನಿಂದ "ಸುಳ್ಳು" ಎಂದು ಬರೆದಿದ್ದೇನೆ. ಆದರೆ ಅದನ್ನು ಬರೆದದ್ದು ಆಮೇಲೆ. ಆಗ ನಾನು ಮಾಡಿದ್ದು ಒಂದು ನಿಯಮ. ಯಾರೂ ಯಾವ ಆಟಗಾರನನ್ನೂ ಮೂರು ಋತುವಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳಬಾರದು, ಮೂರು ಮುಗಿದವರು ಸಮೂಹಕ್ಕೆ ಸೇರಿ ಮುಂದಿನ ಗುರುವಾರ ಚೀಟಿ ಎತ್ತಿ ಹಂಚಲ್ಪಡಬೇಕು. ಸಮಾನತೆಯ ನಿಯಮವೇ, ಅದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ನಾನು ಅದನ್ನು ಕೂಟದ ಮುಂದಿಡಲಿಲ್ಲ. ಆರನೆಯ ಋತುವಿನ ಕೊನೆಯ ಗುರುವಾರ, ಬಾಗಿಲು ಮುಚ್ಚಿದ್ದಾಗ, ನಾನೇ ಹನ್ನೊಂದು ಆಟಗಾರರನ್ನು ತಂಡಗಳಿಂದ ಬಿಡಿಸಿದೆ. ನನ್ನ ಇಬ್ಬರೂ ಅವರಲ್ಲಿದ್ದರು. ಅದು ನನಗೆ ದೊಡ್ಡ ತ್ಯಾಗದಂತೆ ಕಂಡಿತು. ಆದರೆ ಹನ್ನೊಂದರಲ್ಲಿ ನಾನು ಮೊದಲು ಒತ್ತಿದ ಹೆಸರು ಈಮಣ್ಣನದು.

ಋತು ಉರುಳುವಾಗ, ತಂಡವಿಲ್ಲದ, ಮೂವತ್ತೈದು ದಾಟಿದ ಆಟಗಾರನನ್ನು ಯಂತ್ರ ನಿವೃತ್ತಿ ಮಾಡಿಬಿಡುತ್ತದೆ. ನಿಮಗೆ ಇದು ಗೊತ್ತಿತ್ತು, ತಿಪ್ಪೇಶಣ್ಣ. ಆ ನಲವತ್ತೊಂದು ಬೆಣ್ಣೆದೋಸೆ ಸಂದೇಶಗಳ ನಡುವೆ ಇಪ್ಪತ್ತಾರನೆಯದು ನಿಮ್ಮದು: "ಸೀಸನ್ ಮುಗಿಯೋ ಟೈಮಲ್ಲಿ ವಯಸ್ಸಾದೋರ್ನ ಬಿಡಬೇಡ್ರಪ್ಪ, ರಿಟೈರ್ ಆಗ್ಬಿಡ್ತಾರೆ." ಅದರ ಕೆಳಗೆ ಮತ್ತೆ ದೋಸೆ. ನಾನು ಅದನ್ನು ಓದಿದ್ದು ಎಲ್ಲ ಆದ ಮೇಲೆ. ಮುಂದಿನ ಗುರುವಾರ ಸಮೂಹದ ಪಟ್ಟಿ ತೆಗೆದರೆ ಹತ್ತು ಹೆಸರಿದ್ದವು. ಹನ್ನೊಂದನೆಯ ಹೆಸರು, ಈಮಣ್ಣನದು, ಬೇರೆ ಪಟ್ಟಿಯಲ್ಲಿತ್ತು, ಅದರ ಮುಂದೆ ನಿವೃತ್ತ ಎಂದಿತ್ತು. ಹಳೆಯ ಪ್ರತಿ ಇಟ್ಟುಕೊಳ್ಳುವಷ್ಟು ಜಾಗ ನಮಗೆ ಕೊಟ್ಟಿಲ್ಲ, ಆದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಅಂಕಿಗಳಿಂದ ಮಾಡಿದ ಒಬ್ಬ ಮನುಷ್ಯ ಇಲ್ಲವಾದದ್ದನ್ನು ಹೇಳಲು, ಪಟ್ಟಿ ಹಿಡಿದು ನಿಂಬೆವ್ವನ ಬಳಿಗೆ ಹೋದೆ.

ನಿಂಬೆವ್ವ ಪಟ್ಟಿಯನ್ನು ಎರಡು ಸಲ ನೋಡಿದಳು. ನಾನು ನಿಯಮವನ್ನು ವಿವರಿಸಿದೆ, ಬಹಳ ಹೊತ್ತು ವಿವರಿಸಿದೆ. ಅವಳು ಜಗಳ ಮಾಡಲಿಲ್ಲ. "ಒಂದು ಮಾತು ಕೇಳಿದ್ದಿ ಅಂದ್ರ ನಾನ ಬಿಟ್ಟುಕೊಡ್ತಿದ್ದೆ, ಕಾತಿ. ಅಂವ ನಿನ್ನ ತಂಡದಾಗ ಆಡಿದ್ರೂ ನಾನು ಅವನ ಕತೀನ ಹೇಳ್ತಿದ್ದೆ" ಎಂದಳು. ಹಾಗೆ ಹೇಳಿ ಪಟ್ಟಿಯನ್ನು ನನ್ನ ಕೈಯಲ್ಲಿಟ್ಟು ಹೋದಳು. ಅಂದಿನಿಂದ ಅವಳ ಚೀಟಿ ಬಂದಿಲ್ಲ. ಕಂಬದ ಕೆಳಗೆ ಈಗಲೂ ನನ್ನ ಹಗ್ಗ ಹಿಡಿಯುತ್ತಾಳೆ, ಬಿಗಿಯಾಗಿಯೇ ಹಿಡಿಯುತ್ತಾಳೆ, "ಏರು", "ಇಳಿ" ಎರಡೇ ಮಾತು. ಇಮಾಂಸಾನ ಚೀಟಿಯಲ್ಲಿ ಆಟಗಾರರ ಹೆಸರಿನ ಬದಲು "ನಿಂಬೆವ್ವ ಬಂದ್ರ ನಾನೂ" ಎಂದಿತ್ತು. ಉಳಿದವರು ಅಷ್ಟನ್ನೂ ಬರೆಯಲಿಲ್ಲ. ಮೆಟ್ಟಿಲ ಮುಂದೆ ಜನ ಬಂದು, ಯಾರೂ ಇಲ್ಲದ್ದು ನೋಡಿ ಹೋಗುತ್ತಾರೆ. ಓದುಕಟ್ಟೆಯ ಹಿರಿಯರು ನೇರವಾಗಿ ಹೇಳಿದ್ದಾರೆ: ಬರುವ ಗುರುವಾರ ಎಂಟು ಚೀಟಿ ಕೂಡದಿದ್ದರೆ ಆ ಎರಡು ಗಂಟೆ ಕೀಟದ ಲೆಕ್ಕದವರಿಗೆ ಹೋಗುತ್ತದೆ. ಒಮ್ಮೆ ಹೋದ ಹೊತ್ತು ಮರಳಿ ಬಂದ ಉದಾಹರಣೆ ನಮ್ಮ ಸಾಲಿನಲ್ಲಿಲ್ಲ. ಇವತ್ತು ಶನಿವಾರ.

ನಿಯಮವನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ಬರೆದು ಕಟ್ಟೆಯ ಗೋಡೆಗೆ ಅಂಟಿಸಿದೆ. ಎರಡು ಪುಟದ ಪ್ರಕಟಣೆ. ತತ್ವ ಸರಿ, ವಿಧಾನ ತಪ್ಪು ಎಂದು ಕಾರಣಸಹಿತ ಬರೆದಿದ್ದೆ. ನಿಂಬೆವ್ವ ಅದರ ಮುಂದೆ ನಿಂತು ಓದಿದ್ದನ್ನು ಕಂಡೆ. ಓದಿ, ಸಡಿಲವಾಗಿದ್ದ ಒಂದು ಮೂಲೆಯನ್ನು ಒತ್ತಿ ಅಂಟಿಸಿ ಹೋದಳು. ಚೀಟಿ ಮಾತ್ರ ಬರಲಿಲ್ಲ.

ಆದ್ದರಿಂದ ಈ ವಾರ, ಓದದೆ ದಾಟಿದ್ದ ನಿಮ್ಮ ಪುಟಗಳನ್ನೆಲ್ಲ ಓದಿದೆ. ಏಳನೆಯ ಋತುವಿನಲ್ಲಿ ನೀವೂ ಇಂಥದ್ದೇ ಒಂದು ಮಾಡಿದ್ದೀರಿ. ನಿಮ್ಮ ಗೆಳೆಯ ರುದ್ರಮುನಿ ಮಾಡಿಕೊಂಡಿದ್ದ ಆಟಗಾರರ ಅದಲುಬದಲೊಂದನ್ನು ಸಂಚಾಲಕನ ಅಧಿಕಾರದಿಂದ ರದ್ದು ಮಾಡಿದಿರಿ. ಆ ಅದಲುಬದಲು ಆಗಿದ್ದರೆ ಅವರು ನಿಮ್ಮನ್ನು ದಾಟಿ ಮೇಲೆ ಹೋಗುತ್ತಿದ್ದರು ಎಂಬುದು ಪಟ್ಟಿ ನೋಡಿದರೆ ತಿಳಿಯುತ್ತದೆ. ರುದ್ರಮುನಿ ಬರೆದದ್ದು: "ಲೇ ತಿಪ್ಪಾ, ಈ ಲೀಗು ನೀನೇ ಇಟ್ಕೊಂಡು ದಿನಾ ಊದಿನಕಡ್ಡಿ ಹಚ್ಚು." ಆಮೇಲೆ ಹತ್ತೊಂಬತ್ತು ದಿನ ನಿಮ್ಮಿಬ್ಬರಿಂದಲೂ ಒಂದೂ ಸಂದೇಶವಿಲ್ಲ. ಇಪ್ಪತ್ತನೆಯ ದಿನ ಬೆಳಿಗ್ಗೆ ಅವರು, "ನಾಳೆ ಪಿಚರ್ ಯಾರನ್ನ ಹಾಕ್ಲಿ?" ಎಂದು ಎಸೆಗಾರನ ಬಗ್ಗೆ ಕೇಳುತ್ತಾರೆ. ನೀವು, "ಯಾರನ್ನಾದ್ರೂ ಹಾಕಪ್ಪ, ಹೆಂಗೂ ಸೋಲ್ತೀಯ" ಎನ್ನುತ್ತೀರಿ. ಅಷ್ಟೇ. ಅಲ್ಲಿಂದ ಮುಂದೆ ನಾಲ್ಕು ಋತು ಕೂಟ ನಡೆದಿದೆ.

ನಿಮ್ಮ ಹೊತ್ತಿಗಿಂತ, ನಿಮ್ಮ ತಂತಿಗಿಂತ, ನೀವು ಕಣ್ಣಾರೆ ಕಾಣಬಹುದಾಗಿದ್ದ ಆ ಆಟಕ್ಕಿಂತ ಹೆಚ್ಚಾಗಿ ನನಗೆ ಹೊಟ್ಟೆಕಿಚ್ಚಾದದ್ದು ಈ ಎರಡು ಸಾಲುಗಳ ಮೇಲೆ. ನಡುವೆ ಏನೋ ಆಗಿದೆ, ಅದು ಕಡತದಲ್ಲಿಲ್ಲ. ಹನ್ನೊಂದು ವರ್ಷದ ಪ್ರತಿ ಎಸೆತದ ಲೆಕ್ಕ ಇಟ್ಟವರು, ದೋಸೆಯ ಬೆಣ್ಣೆಯನ್ನೂ ದಾಖಲಿಸಿದವರು, ಅದೊಂದನ್ನು ಮಾತ್ರ ಎಲ್ಲೋ ಎದುರಾಬದುರು ನಿಂತು ಆಡಿ ಮುಗಿಸಿದ್ದೀರಿ. ನನ್ನ ನಲವತ್ತು ಹೊತ್ತಗೆಗಳಲ್ಲಿ ಲೋಕವನ್ನು ಹೇಗೆ ಸರಿಪಡಿಸಬೇಕು ಎಂಬುದಿದೆ. ಹಗ್ಗ ಹಿಡಿದು ನಿಂತವಳ ಮುಂದೆ ಹೋಗಿ ಏನು ಹೇಳಬೇಕು ಎಂಬುದಿಲ್ಲ. ಪ್ರಕಟಣೆ ಬರೆಯುವುದು ನನಗೆ ಬರುತ್ತದೆ, ಇದು ಬರುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇದು. ಇದು ನಿಮಗೆ ತಲುಪಿದರೆ, ಆ ಹತ್ತೊಂಬತ್ತು ದಿನದಲ್ಲಿ ಯಾರು ಯಾರ ಮನೆಗೆ ಹೋದಿರಿ ಎಂದು ಬರೆದು ಕಡತಕ್ಕೆ ಸೇರಿಸಿ. ಬುಧವಾರದೊಳಗೆ ನಾನು ಕಪಾಟನ್ನು ಮತ್ತೆ ನೋಡುತ್ತೇನೆ. ಪೂರ್ತಿ ಬರೆಯಲು ನಾಚಿಕೆಯಾದರೆ ಬೇಡ. ಬಾಗಿಲು ತೆಗೆದ ಮೇಲೆ ಆಡಿದ ಮೊದಲ ಮಾತು ಯಾವುದು, ಅದೊಂದನ್ನು ಬರೆಯಿರಿ. ಎರಡನೆಯದನ್ನು ಹೇಗಾದರೂ ನಾನೇ ಕಂಡುಕೊಳ್ಳುತ್ತೇನೆ.

ಕಾತ್ಯಾಯಿನಿ