‘ಬೀಟ್‌ರೂಟ್ ಅಷ್ಟೇ, ಹೆದರಬ್ಯಾಡ್ರಿ’

ಅಪ್ಪಾಜಿ,

ಈ ಪತ್ರವನ್ನು ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ‘ಡಿಯರ್ ಅಪ್ಪಾಜಿ’ ಎಂದ ಮೇಲೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಐದನೇ ಕ್ಲಾಸಿನಿಂದ ನನ್ನನ್ನು ಇಂಗ್ಲಿಷ್ ಮೀಡಿಯಂ ಹಾಸ್ಟೆಲ್‌ಗೆ ಹಾಕಿದವರು ನೀವೇ, ಹಾಗಾಗಿ ಕನ್ನಡದ ತಪ್ಪುಗಳನ್ನು ನೀವೇ ತಿದ್ದಿಕೊಂಡು ಓದಿ.

ಪೀಣ್ಯದ ಜ್ಯೂಸ್ ಗೋಡೌನಿನಲ್ಲಿ ನೀವು ಟಿಫಿನ್ ಬಾಕ್ಸ್ ಬಿಚ್ಚಿ ಕೂತ ಒಂದು ಮಧ್ಯಾಹ್ನ ನೆನಪಿದೆಯಾ? ನನಗೆ ಆಗ ಪಿಯುಸಿ ರಜೆ. ನಿಮ್ಮ ಮೊಬೈಲ್ ಬಡಿದುಕೊಂಡಿತು. ಆ ಕಡೆಯ ಕೂಗು ನನಗೂ ಕೇಳಿಸಿತು: “ಸಾರ್, ನಂಗೆ ರಕ್ತ ಹೋಗ್ತಿದೆ ಸಾರ್! ಬಾತ್‌ರೂಮಲ್ಲೇ ನಿಂತಿದೀನಿ!” ನಾನು ಎದ್ದು ನಿಂತೆ. ನೀವು ಚಪಾತಿ ಮುರಿಯುತ್ತಲೇ ಕೇಳಿದಿರಿ, “ಬೆಳಿಗ್ಗೆ ಕೆಂಪು ಮುಚ್ಚಳದ ಬಾಟ್ಲಿ ಕುಡಿದ್ರೇನು? ಹಂಗಾದ್ರೆ ಬೀಟ್‌ರೂಟ್ ಅಷ್ಟೇ, ಹೆದರಬ್ಯಾಡ್ರಿ.” ಬೀಟ್‌ರೂಟ್ ಜ್ಯೂಸಿಗೆ ಮೂತ್ರ ಕೆಂಪಾಗುತ್ತದೆ ಎಂದು ತಿಳಿದು ಆ ಕಡೆಯವರು ನಗಲು ಶುರು ಮಾಡಿದರು. ಹೊರದೇಶದಿಂದ ತಂದ ಬಾಟಲಿಯ ಮೇಲೆ ದೂರು ಹೇಳುವ ನಂಬರ್ ಇರಲೇಬೇಕು ಎಂಬುದು ರೂಲ್. ಬೇರೆಯವರು ಆಫೀಸಿನ ನಂಬರ್ ಹಾಕುತ್ತಾರೆ. ನೀವು ನಿಮ್ಮ ಸ್ವಂತ ಮೊಬೈಲ್ ನಂಬರ್ ಹಾಕಿದಿರಿ. ವೈಟ್‌ಫೀಲ್ಡಿನ ಜಿಮ್ ಹುಡುಗರಿಂದ ಹಿಡಿದು ರಿಟೈರ್ಡ್ ಮೇಷ್ಟ್ರುಗಳವರೆಗೆ, ಕೆಂಪು ಕಂಡು ಗಾಬರಿಯಾದವರೆಲ್ಲ ನಿಮಗೇ ಫೋನ್ ಮಾಡುತ್ತಿದ್ದರು.

ಜರ್ಮನಿಯಿಂದ ಮೊದಲ ಕಂಟೇನರ್ ಬಂದಾಗ ಕಸ್ಟಮ್ಸ್ ಡಿಪೋದಲ್ಲಿ ತಡೆದರಲ್ಲ, ಆ ಕತೆಯನ್ನು ನೀವು ಎಷ್ಟು ಸಲ ಹೇಳಿಲ್ಲ! ಜರ್ಮನ್ ಲೇಬಲ್‌ನಲ್ಲಿ ಬಿಪಿಗೆ ಒಳ್ಳೆಯದು ಎಂದು ಬರೆದಿತ್ತು. ರೋಗದ ಹೆಸರು ಎತ್ತಿದರೆ ಇದು ಔಷಧಿಯಾಗುತ್ತದೆ, ಅದಕ್ಕೆ ಬೇರೆ ಲೈಸೆನ್ಸ್ ಬೇಕು ಎಂದರು ಆಫೀಸರ್. ಅಂದಿನಿಂದ ನೀವು ರೋಗದ ಮಾತೇ ಆಡಲಿಲ್ಲ. ಶುಗರ್‌ಗೆ ಆಗುತ್ತಾ, ಕಿಡ್ನಿಗೆ ಆಗುತ್ತಾ ಎಂದು ಯಾರೇ ಕೇಳಲಿ, “ನಾನು ಡಾಕ್ಟ್ರಲ್ರೀ, ತರಕಾರಿ ನೀರು ಮಾರೋನು” ಎನ್ನುತ್ತಿದ್ದಿರಿ. ಅಷ್ಟು ಜಾಗ್ರತೆ ಇದ್ದವರು ನೀವು. ಹಾಗಿದ್ದೂ…

ಆಸ್ಪತ್ರೆಯ ಆ ರೂಮಿನಿಂದ ನಾನಿನ್ನೂ ಹೊರಗೆ ಬಂದಿಲ್ಲ, ಅಪ್ಪಾಜಿ. “ಯಾವಾಗಿಂದ ಕೆಂಪಗೆ ಹೋಗ್ತಿದೆ?” ಎಂದು ಡಾಕ್ಟರ್ ಕೇಳಿದರು. ನೀವು ನಕ್ಕಿರಿ! “ಡಾಕ್ಟ್ರೇ, ನಾನು ದಿನಾ ಬೀಟ್‌ರೂಟ್ ಕುಡಿಯೋ ಮನುಷ್ಯ, ನನಗೆ ಯಾವತ್ತು ಕೆಂಪಿಲ್ಲ ಹೇಳ್ರಿ?” ಡಾಕ್ಟರ್ ನಗಲಿಲ್ಲ. ಮೂತ್ರಕೋಶದಲ್ಲಿ ಗೆಡ್ಡೆ, ತುಂಬ ಹರಡಿದೆ ಎಂದರು. ಜ್ಯೂಸಿನಿಂದ ಬಂದದ್ದಲ್ಲ ಎಂದೂ ಹೇಳಿದರು. ಜ್ಯೂಸ್ ಅದನ್ನು ಮುಚ್ಚಿಟ್ಟಿತ್ತು, ಅಷ್ಟೇ. ಎಷ್ಟು ತಿಂಗಳಿಂದ ಅದು ರಕ್ತವಾಗಿತ್ತು? ನಿಮಗೆ ಒಂದು ದಿನವೂ ಅನುಮಾನ ಬರಲಿಲ್ಲವಾ? ಊರಿಗೆಲ್ಲ ಹೇಳುವ ಮಾತನ್ನು ನಿಮಗೆ ನೀವೇ ಹೇಳಿಕೊಂಡಿರಾ?

ನಿಮ್ಮನ್ನು ಮಣ್ಣು ಮಾಡಿ ಬಂದ ದಿನ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. “ಯಾರು ಕೇಳಿದ್ರೂ ಹಾರ್ಟು ಅನ್ನು. ಜ್ಯೂಸ್ ಮಾರೋರು ಹಿಂಗೆ ಹೋದ್ರು ಅಂದ್ರೆ ಗೋಡೌನಲ್ಲಿರೋ ಮಾಲು ಯಾರು ಮುಟ್ತಾರವ್ವಾ?” ನಾನು ತಲೆಯಾಡಿಸಿದೆ. ನೆಂಟರಿಗೆ, ಅಂಗಡಿಯವರಿಗೆ, ನನ್ನ ರೂಮ್‌ಮೇಟಿಗೆ ಕೂಡ ಹಾರ್ಟ್ ಎಂದೇ ಹೇಳಿದೆ. ನಿಮ್ಮ ಫೋನ್ ನನ್ನ ಬ್ಯಾಗಿಗೆ ಬಂತು. ಅದು ರಿಂಗಾದರೆ ಈಗ ನಾನೇ ಎತ್ತುತ್ತೇನೆ. ಬೀಟ್‌ರೂಟ್ ಅಷ್ಟೇ, ಹೆದರಬೇಡಿ. ನಿಮ್ಮ ಮಾತು ನನಗೂ ಬಾಯಿಪಾಠವಾಗಿತ್ತು.

ಕಳೆದ ತಿಂಗಳು ಕಾಲೇಜಿನ ಲ್ಯಾಬ್ ಮುಗಿಸಿ ಹೊರಗೆ ಬರುವಾಗ ಹೆಬ್ಬಗೋಡಿಯಿಂದ ಮುನಿರಾಜಪ್ಪ ಎಂಬವರು ಫೋನ್ ಮಾಡಿದರು. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರು. “ಅಲೋ, ಜೂಸ್ ಸಾರ್ ಆರ್ಟ್ ಅಟ್ಯಾಕಾಗಿ ಓಗ್ಬಿಟ್ರಂತೆ? ನೀನು ಮಗಳಾ? ಏನಿಲ್ಲ ಕಣಮ್ಮ, ಇಂಗೆ ಕೆಂಪ್ಗೇ ಓಯ್ತಾ ಐತೆ.” ನನ್ನ ನಾಲಿಗೆ ತಾನಾಗಿಯೇ ಹೊರಟಿತ್ತು, “ಬೀಟ್‌ರೂಟ್ ಅಷ್ಟೇ—” ಅವರು ಮಧ್ಯದಲ್ಲೇ ತಡೆದರು. “ಅದೇಯ, ನಿಮ್ಮಪ್ಪಾರೂ ಅಂಗೇ ಯೋಳಿದ್ರು. ಅದ್ಕೇ ಸುಮ್ಕಿದ್ದೆ. ಆದ್ರೆ ಬಾಟ್ಲಿ ಮುಗ್ದು ವಾರದ ಮ್ಯಾಲಾಯ್ತು.”

ಕಾರಿಡಾರಿನಲ್ಲಿ ಹಾಗೇ ನಿಂತುಬಿಟ್ಟೆ. ವಾರದಿಂದ ಕುಡಿದಿಲ್ಲ, ಆದರೂ ಕೆಂಪು!

ಈಗಲೇ ಡಾಕ್ಟರ ಹತ್ತಿರ ಹೋಗಿ ಎಂದೆ. ಅವರು ನಕ್ಕರು, ಥೇಟ್ ನಿಮ್ಮ ಹಾಗೆ. “ಅಯ್ಯೋ ಬಿಡಮ್ಮ, ನಿಮ್ಮಪ್ಪಾರು ಧೈರ್ಯ ಯೋಳೋರು, ನೀನು ಎದ್ರಿಸ್ತೀಯಲ್ಲ. ಊರಬ್ಬ ಮುಗೀಲಿ, ಓಯ್ತೀನಿ.” ಫೋನ್ ಇಟ್ಟೇಬಿಡುತ್ತಿದ್ದರು. ಅಮ್ಮನಿಗೆ ಕೊಟ್ಟ ಮಾತನ್ನು ಅಲ್ಲೇ ಮುರಿದೆ. ನಾನು ಕಿರುಚಿದೆ ಅಪ್ಪಾಜಿ, ಎಲ್ಲ ಹುಡುಗರ ಎದುರಿಗೆ: “ಅಂಕಲ್, ನಮ್ಮಪ್ಪ ಸತ್ತಿದ್ದೇ ಹೀಗೆ! ಹಾರ್ಟ್ ಅಲ್ಲ! ಅವರೂ ಬೀಟ್‌ರೂಟ್ ಅಂದ್ಕೊಂಡಿದ್ರು!” ಅವರು ಮೆಲ್ಲಗೆ, “ಯಾವ ಡಾಕ್ಟ್ರತ್ರ ಓಗ್ಬೇಕಮ್ಮ?” ಎಂದರು.

ನಿಮಗೆ ತಿಳಿಯದ ಸುದ್ದಿ ಇದು: ಅವರಿಗೂ ಗೆಡ್ಡೆಯೇ. ಸಣ್ಣದು, ತೆಗೆದಿದ್ದಾರೆ, ಬೇಗ ಬಂದಿರಿ ಎಂದರಂತೆ ಡಾಕ್ಟರ್. ಆಗಾಗ ಚೆಕಪ್ಪಿಗೆ ಹೋಗುತ್ತಿರಬೇಕು. ಮನೆಗೆ ಬಂದ ದಿನ ಫೋನ್ ಮಾಡಿ, ಇನ್ನು ಕ್ಯಾರೆಟ್ಟಿಂದು ಕುಡಿಯಬಹುದಾ ಎಂದು ಕೇಳಿದರು. ಆಮೇಲೆ, “ನಿಮ್ಮಪ್ಪಾರಿಗೆ ಯಾರೂ ಯೋಳ್ಲಿಲ್ವಾ ಮಗಾ?” ಎಂದರು. ಕೆಂಪು ಎಂದು ಎಲ್ಲರೂ ನಿಮಗೇ ಫೋನ್ ಮಾಡುತ್ತಿದ್ದರು. ನೀವು ಯಾರಿಗೆ ಮಾಡಬೇಕಿತ್ತು?

ಹೊಸ ಕಂಟೇನರ್ ಡಿಪೋದಲ್ಲಿದೆ. ಕೆಂಪು ಮುಚ್ಚಳದ ಬಾಟಲಿಗಳ ಸ್ಟಿಕ್ಕರಿಗೆ ಒಂದು ಸಾಲು ಸೇರಿಸಿ ಎಂದು ಡಿಪೋದಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ರುದ್ರೇಶ್ ಅಂಕಲ್‌ಗೆ ಹೇಳಿದೆ: ‘ಕುಡಿಯುವುದನ್ನು ನಿಲ್ಲಿಸಿದ ಮೇಲೂ ಮೂತ್ರ ಕೆಂಪಾಗಿದ್ದರೆ ಕೂಡಲೇ ವೈದ್ಯರನ್ನು ಕಾಣಿ.’ ಅವರು ತಲೆ ಚಚ್ಚಿಕೊಂಡು ಮನೆಗೇ ಬಂದರು. “ಅಕ್ಕಾ, ನಿಮ್ಮ ಮಗಳು ನೋಡಿ, ಕುಡಿಯೋ ಬಾಟ್ಲಿ ಮೇಲೆ ಮೂತ್ರ ಅಂತ ಬರೆಸ್ತಾಳಂತೆ! ಯಾವ ಆಫೀಸರೂ ಇದನ್ನ ಕೇಳಿಲ್ಲ. ಅಂಗಡಿಯವರು ವಾಪಸ್ ಕಳಿಸ್ತಾರೆ ಅಷ್ಟೇ.” ನಾನು ಅಮ್ಮನಿಗೆ ಮುನಿರಾಜಪ್ಪನವರ ವಿಷಯ ಹೇಳಿದೆ. ಅಮ್ಮ ಸ್ಯಾಂಪಲ್ ಸ್ಟಿಕ್ಕರನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಾಕಿಕೊಂಡು, ಎರಡು ಸಲ ಓದಿದಳು.

“ಭಾಳ ಸಣ್ಣ ಆತು ರುದ್ರೇಶ,” ಎಂದಳು. “ಅಕ್ಷರ ದೊಡ್ಡವು ಮಾಡಿಸು.”